ಕೊಪ್ಪ ಪೇಟೆಯ ಜೆನೆರಿಕ್ ಮೆಡಿಕಲ್: ಲೈನ್ ಮನೆಯವರ ಶುಗರ್‌ಗೆ ಇಲ್ಲಿಗೇ ಬನ್ನಿ

ನಮ್ಮ ಕಡೆ ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಈಗ ಅಸ್ಸಾಂನಿಂದ ಬಂದವರು ತುಂಬಾ ಜನ ಇದ್ದಾರೆ. ದಿನವಿಡೀ ಮೈ ಮುರಿದು ದುಡಿಯುವವರು, ಅದಕ್ಕೇ ಅವರಿಗೂ ಶುಗರ್ ಇರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಗೊತ್ತಾದರೂ ಮಾತ್ರೆ ಅರ್ಧಕ್ಕೇ ನಿಲ್ಲುತ್ತದೆ. ನಮ್ಮ ತೋಟದ ಒಬ್ಬ ಹೆಂಗಸಿಗೆ ಶುಗರ್ ಅಂತ ಗೊತ್ತಾದ ಮೇಲೆ ಅವರನ್ನು ಕರೆದುಕೊಂಡು ಈ ಅಂಗಡಿಗೇ ಹೋಗುತ್ತಿದ್ದೇನೆ.

ಬೆಲೆ ಕಡಿಮೆ, ಸರಿ, ಜೆನೆರಿಕ್ (ಕಂಪನಿ ಹೆಸರಿನ ಬದಲು ಔಷಧಿಯ ಮೂಲ ಹೆಸರಿನಲ್ಲೇ ಮಾರುವ ಮಾತ್ರೆ) ಅಂದಮೇಲೆ ಅದು ಇದ್ದಿದ್ದೇ. ನನಗೆ ಹಿಡಿಸಿದ್ದು ಕೌಂಟರಿನಲ್ಲಿರುವವರು ಚೀಟಿ ನೋಡಿದ ಕೂಡಲೇ ಕೇಳಿದ ಪ್ರಶ್ನೆ: ಬೆಳಿಗ್ಗೆ ಹೊಟ್ಟೆಗೆ ಏನು, ಎಷ್ಟು ಹೊತ್ತಿಗೆ? ಅವರದು ಹರಕುಮುರುಕು ಹಿಂದಿ, ಆದರೆ ಸಾಕಾಗುತ್ತದೆ. ಈ ಹೆಂಗಸು ಬೆಳಿಗ್ಗೆ ಸಕ್ಕರೆ ಹಾಕಿದ ಕೆಂಪು ಚಹಾ ಕುಡಿದು ಗುಡ್ಡ ಹತ್ತಿದರೆ ಅನ್ನ ತಿನ್ನುವುದು ಹತ್ತು ಗಂಟೆ ಮೇಲೆ. ಚೀಟಿಯಲ್ಲಿ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಇತ್ತು. ಅದನ್ನು ನುಂಗಿ ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಶುಗರ್ ಒಮ್ಮೆಲೇ ಇಳಿಯಬಹುದು, ಬೆವರು, ನಡುಕ, ಕಣ್ಣು ಕತ್ತಲೆ, ತೋಟದ ಮಧ್ಯೆ ಬಿದ್ದರೆ ಯಾರು ನೋಡುವವರು? ಈ ಊಟದ ಹೊತ್ತು ಡಾಕ್ಟರಿಗೆ ಗೊತ್ತಿದೆಯಾ, ಮೊದಲು ಹೇಳಿ ಬನ್ನಿ ಅಂತ ವ್ಯಾಪಾರ ಬಿಟ್ಟು ನಮ್ಮನ್ನು ವಾಪಸ್ ಕಳಿಸಿದರು. ಡಾಕ್ಟರ್ ಆ ಮಾತ್ರೆಯನ್ನೇ ಬದಲಿಸಿದರು.

ಓದಲು ಬಾರದವರಿಗೆ ಕವರಿನ ಮೇಲೆ ಅನ್ನದ ತಟ್ಟೆ ಬರೆದು, ಅದರ ಪಕ್ಕದಲ್ಲಿ ಪೆನ್ನಿನಲ್ಲಿ ಮಾತ್ರೆಯ ಚುಕ್ಕಿ ಇಡುತ್ತಾರೆ. ಶುಗರ್‌ನ ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್ ಆದರೆ ಚುಕ್ಕಿ ತಟ್ಟೆ ಆದಮೇಲೆ, ಯಾಕೆಂದರೆ ಬರೀ ಹೊಟ್ಟೆಯಲ್ಲಿ ತಗೊಂಡರೆ ಹೊಟ್ಟೆ ಕೆಡಬಹುದು, ಜನ ಮಾತ್ರೆ ಬಿಡುವುದೇ ಅಲ್ಲಿ. ಶುಗರ್ ಇಳಿದು ನಡುಕ ಬಂದರೆ 3 ಸಣ್ಣ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ನೋಡಿ, ಕಡಿಮೆಯಾಗದಿದ್ದರೆ ಇನ್ನೊಮ್ಮೆ ಕುಡಿಯಿರಿ ಅಂತಲೂ ಹೇಳಿ ಕಳಿಸಿದರು.

ಇನ್ನೊಂದು ವಿಷಯ. ಲೈನ್ ಮನೆಯವರು ಬಿಹು ಹಬ್ಬಕ್ಕೋ ಈದ್‌ಗೋ ಊರಿಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಇಲ್ಲಿನ ಕಂಪನಿ ಹೆಸರಿನ ಮಾತ್ರೆ ಅಲ್ಲಿನ ಸಣ್ಣ ಪೇಟೆಯಲ್ಲಿ ಸಿಗದಿದ್ದರೆ ಔಷಧಿ ಅಲ್ಲಿಗೇ ನಿಂತಿತು. ಈ ಅಂಗಡಿಯ ಸ್ಟ್ರಿಪ್ ಮೇಲೆ ಔಷಧಿಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ ಅನ್ನುವುದು ದಪ್ಪಕ್ಷರದಲ್ಲಿರುತ್ತದೆ. ಖಾಲಿ ಸ್ಟ್ರಿಪ್ ಬಿಸಾಡಬೇಡಿ, ಊರಲ್ಲಿ ಇದನ್ನೇ ತೋರಿಸಿ ಅಂತ ಕೊಡುತ್ತಾರೆ. ಅಸ್ಸಾಂನಲ್ಲೂ ಜನೌಷಧಿ ಕೇಂದ್ರಗಳಿವೆ (ಸರ್ಕಾರದ ಯೋಜನೆಯ ಜೆನೆರಿಕ್ ಔಷಧಿ ಅಂಗಡಿಗಳು), ಡಾಕ್ಟರ ಚೀಟಿಯ ಜೊತೆ ಇದನ್ನು ಅಲ್ಲಿ ತೋರಿಸಬಹುದು. ಊರೂರು ತಿರುಗಿ ದುಡಿಯುವವರಿಗೆ ಇದಕ್ಕಿಂತ ಒಳ್ಳೆ ದಾಖಲೆ ನನಗಂತೂ ಕಂಡಿಲ್ಲ. ಮೂರು ತಿಂಗಳ ಶುಗರ್ ಸರಾಸರಿ ತಿಳಿಸುವ ಎಚ್‌ಬಿಎ1ಸಿ ರಿಪೋರ್ಟನ್ನೂ ಜೊತೆಗೇ ಪಿನ್ ಮಾಡಿಸಿದ್ದೇನೆ.

ಮಳೆಗಾಲದಲ್ಲಿ ಕಾಲಿನ ಬಗ್ಗೆಯೂ ಕೇಳುತ್ತಾರೆ. ಶುಗರ್ ಹಳೆಯದಾದರೆ ಪಾದದ ಸ್ಪರ್ಶ ಕಡಿಮೆಯಾಗಬಹುದು. ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ. ಇಂಬಳ (ಜಿಗಣೆ) ಕಚ್ಚಿದ್ದನ್ನು ಕೆರೆದುಕೊಂಡ ಗಾಯ ಹಾಗೇ ಕೀವಾಗಬಹುದು. ರಾತ್ರಿ ದೀಪ ಹಿಡಿದು ಪಾದ, ಬೆರಳ ಸಂದು ನೋಡಿಕೊಳ್ಳಿ ಅನ್ನುತ್ತಾರೆ. ತೋಟದ ಮಾಲೀಕರೇ, ಗಮ್ ಬೂಟ್ ನೀವೇ ಕೊಡಿಸಿ, ಸಂಬಳದಲ್ಲಿ ಹಿಡಿಯಬೇಡಿ.

ಕೊರತೆಯೂ ಇದೆ. ಮನೆಯಲ್ಲೇ ಶುಗರ್ ನೋಡಿಕೊಳ್ಳುವ ಗ್ಲುಕೋಮೀಟರ್‌ಗೆ ಹಾಕುವ ಸ್ಟ್ರಿಪ್ ಬಹಳ ಸಲ ಇರುವುದಿಲ್ಲ. ಕೂಲಿಯವರಿಗೆ ಅದು ಎಲ್ಲಿ ಕೊಂಡರೂ ದುಬಾರಿಯೇ, ಹಾಗಾಗಿ ಪರೀಕ್ಷೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಹೋಗಿ, 30 ದಾಟಿದವರಿಗೆ ಅಲ್ಲಿ ಬಿಪಿ, ಶುಗರ್ ಪುಕ್ಕಟೆ ನೋಡುತ್ತಾರೆ. ಇನ್ನು, ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತದೆ. ಲೈನ್ ಮನೆಯವರಿಗೆ ಪೇಟೆಗೆ ಬರಲು ಬಿಡುವು ಸಿಗುವುದೇ ಅವತ್ತು, ಬೇರೆ ದಿನ ಬಂದರೆ ಕೂಲಿ ಹೋಗುತ್ತದೆ. ಅಂಗಡಿಯವರು ಇದನ್ನು ಓದಿದರೆ ದಯವಿಟ್ಟು ಭಾನುವಾರ ಮಧ್ಯಾಹ್ನದವರೆಗಾದರೂ ತೆರೆಯಿರಿ, ಬೇಕಾದರೆ ಸೋಮವಾರ ರಜೆ ಮಾಡಿ.