ವೇಲ್ಸ್ ಕಡಲ ದಂಡೆಯ ನಡಿಗೆ: ಬ್ಯಾಗ್ ಸೇವೆಗೆ ಪೂರ್ತಿ ಅಂಕ, ವೇಳಾಪಟ್ಟಿಗೆ ಅರ್ಧ

ಅಕ್ಟೋಬರ್‌ನಲ್ಲಿ ನಾನು, ನಮ್ಮ ಮನೆಯವರು ವೇಲ್ಸ್‌ನ ಪೆಂಬ್ರೋಕ್‌ಶೈರ್ ಕರಾವಳಿಯಲ್ಲಿ ಒಂದು ವಾರ ನಡೆದು ಬಂದೆವು. ಗೈಡ್ ಇರಲಿಲ್ಲ. ಕಂಪನಿಯವರು ರೂಮ್ ಹಿಡಿದು ಕೊಡುತ್ತಾರೆ, ನಕ್ಷೆ ಕೊಡುತ್ತಾರೆ, ದೊಡ್ಡ ಬ್ಯಾಗನ್ನು ದಿನಾ ಮುಂದಿನ ಊರಿಗೆ ಮುಟ್ಟಿಸುತ್ತಾರೆ. ನಡೆಯೋದಷ್ಟೇ ನಮ್ಮ ಕೆಲಸ. ಬೆಳಗಾವಿ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಜೊತೆಗೆ ವಾಕಿಂಗ್ ಮಾಡುವವರು "ನಡೆಯೋಕೂ ದುಡ್ಡಾ?" ಅಂತ ನಕ್ಕರು. ನಗಲಿ ಬಿಡಿ. ಬ್ಯಾಗಿಗೆ ಕೊಟ್ಟ ದುಡ್ಡು ವಸೂಲಾಯಿತು.

ಯಾಕೆಂದರೆ ಈ ದಾರಿ ಸಪಾಟಾಗಿಲ್ಲ. ಸೇಂಟ್ ಡಾಗ್ಮೆಲ್ಸ್‌ನಿಂದ ಆಮ್ರಾತ್‌ವರೆಗೆ ಸುಮಾರು 300 ಕಿ.ಮೀ. ಇದೆ, 1970ರಲ್ಲಿ ತೆರೆದದ್ದು. ನಾವು ನಡೆದದ್ದು ಸೋಲ್ವಾದಿಂದ ಫಿಶ್‌ಗಾರ್ಡ್‌ವರೆಗಿನ ತುಂಡು ಮಾತ್ರ. ಬಂಡೆಯ ಅಂಚಿನಲ್ಲೇ ಹೋಗುತ್ತದೆ. ಹಳ್ಳ ಬಂತೋ, ಸಮುದ್ರದ ಮಟ್ಟಕ್ಕೆ ಇಳಿದು ಮತ್ತೆ ಹತ್ತಬೇಕು. ಯಳ್ಳೂರಿನ ರಾಜಹಂಸಗಡ ಹತ್ತಿದವರಿಗೆ ಒಂದು ಏರು ಲೆಕ್ಕಕ್ಕೇ ಇಲ್ಲ. ಮಧ್ಯಾಹ್ನದೊಳಗೆ ಅಂಥವು ನಾಲ್ಕೈದು ಆದಾಗ ಮೊಣಕಾಲು ಸುಮ್ನೆ ಇರೋದಿಲ್ಲ.

ಶರತ್ಕಾಲವೇ ಯಾಕೆ ಅಂದರೆ, ಸೀಲ್ ಅನ್ನೋ ಕಡಲ ಪ್ರಾಣಿಗಳು. ಇಲ್ಲಿನ ಬೂದು ಸೀಲ್‌ಗಳು ಮರಿ ಹಾಕೋದು ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ. ದಾರಿ ಬಿಟ್ಟು ಇಳಿಯಬೇಕಿಲ್ಲ, ಇಳಿಯಲೂಬಾರದು. ಮೇಲಿಂದಲೇ ಕೆಳಗಿನ ಕಲ್ಲುದಂಡೆ ಕಾಣುತ್ತದೆ. ಮೊದಲು ನಮಗೆ ಕೇಳಿಸಿದ್ದು ಅಳು. ಮಗು ಅಳ್ತಾ ಇದೆ ಅಂತ ಮನೆಯವರು ನಿಂತೇಬಿಟ್ಟರು. ನೋಡಿದರೆ ಬೆಳ್ಳಗಿನ ಮರಿಯೊಂದು ಉರುಟು ಕಲ್ಲುಗಳ ಮೇಲೆ ಬೆನ್ನಡಿಯಾಗಿ ಬಿದ್ದು ರೆಕ್ಕೆಗಾಲು ಆಡಿಸುತ್ತಿತ್ತು. ತಾಯಿ ನೀರಿನಲ್ಲಿ ತಲೆ ಎತ್ತಿಕೊಂಡು ನಮ್ಮನ್ನೇ ನೋಡುತ್ತಿತ್ತು. ತಾಯಿ ಹಾಲು ಕೊಡೋದು ಮೂರು ವಾರದಷ್ಟು ಮಾತ್ರ, ಆಮೇಲೆ ಮರಿಯನ್ನು ಬಿಟ್ಟು ಹೊರಟುಹೋಗುತ್ತದೆ. ಅಷ್ಟರಲ್ಲಿ ಮರಿ ಕೊಬ್ಬು ತುಂಬಿಕೊಂಡು, ಬಿಳಿ ತುಪ್ಪಳ ಉದುರಿಸಬೇಕು. ಆ ದಿನ ನಕ್ಷೆ ಹೇಳಿದ ಹೊತ್ತಿಗೆ ನಾವು ಎಲ್ಲಿಗೂ ಮುಟ್ಟಲಿಲ್ಲ.

ಸೇಂಟ್ ಡೇವಿಡ್ಸ್ ಜನಸಂಖ್ಯೆಯಲ್ಲಿ ಬ್ರಿಟನ್ನಿನ ಅತಿ ಚಿಕ್ಕ ನಗರ, ಎರಡು ಸಾವಿರ ಜನವೂ ಇಲ್ಲ. ಕೆಥೆಡ್ರಲ್ ತಗ್ಗಿನಲ್ಲಿ ಕೂತಿದೆ. ಒಂದು ಸಂಜೆ ಸಾಕು. ನನಗೆ ಜಾಸ್ತಿ ಹಿಡಿಸಿದ್ದು ಪೋರ್ತ್‌ಗೇನ್. ಜಲ್ಲಿ ತುಂಬಿಡುತ್ತಿದ್ದ ದೊಡ್ಡ ಇಟ್ಟಿಗೆ ಗೋಡೆಗಳು ಬಂದರಿನ ಪಕ್ಕ ಹಾಗೇ ನಿಂತಿವೆ. ಎಲ್ಲ ಕಡೆ ಬೋರ್ಡ್ ವೆಲ್ಷ್, ಇಂಗ್ಲಿಷ್ ಎರಡೂ ಭಾಷೆಯಲ್ಲಿವೆ, ಜಗಳವೇ ಇಲ್ಲ. ಬೆಳಗಾವಿಯವರ ಕಣ್ಣಿಗೆ ಇದು ಬೀಳದೇ ಇರುತ್ತಾ?

ಈಗ ದೂರು. ಕಂಪನಿಯ ಕಾರ್ಯಕ್ರಮ ಬೇಸಿಗೆಯದು, ತಿಂಗಳು ಮಾತ್ರ ಬದಲಿಸಿ ಕಳಿಸಿದ್ದರು. ಅದರಲ್ಲಿ "ಸುಸ್ತಾದರೆ ಕರಾವಳಿ ಬಸ್ ಹತ್ತಿ" ಅಂತ ಬರೆದಿತ್ತು. ಚಳಿಗಾಲದ ವೇಳಾಪಟ್ಟಿ ಶುರುವಾದರೆ ಆ ಬಸ್ಸುಗಳು ಕಡಿಮೆಯಾಗುತ್ತವೆ. ಸ್ಟ್ರಂಬಲ್ ಹೆಡ್ ದೀಪಸ್ತಂಭದ ಹತ್ತಿರ ಗಾಳಿಯಲ್ಲಿ ನಿಂತು ಫೋನ್ ಮಾಡಿದರೆ, "ಟ್ಯಾಕ್ಸಿ ಮಾಡಿಕೊಳ್ಳಿ" ಅಂದರು. ದುಡ್ಡು ನಮ್ಮದೇ! ಬುಕ್ ಮಾಡುವಾಗಲೇ ದಿನದ ದೂರ ಕಡಿಮೆ ಮಾಡಿಸಿಕೊಳ್ಳಿ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ತಾಸು ಹಿಂದಕ್ಕೆ ಹೋಗುತ್ತದೆ. ಆಮೇಲೆ ಐದಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ.

ಮಳೆ ನಮಗೆ ಹೊಸದಲ್ಲ, ಆದರೆ ಛತ್ರಿ ಅಲ್ಲಿ ಕೆಲಸಕ್ಕೆ ಬಾರದು. ಟೋಪಿ ಇರುವ ರೇನ್‌ಕೋಟ್ ಬೇಕು, ಹಿಡಿತ ಇರುವ ಶೂ ಬೇಕು.

ಊಟ? ಅಲ್ಲಿನ ಕಾವ್ಲ್ ಅನ್ನೋ ಸೂಪಿನಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. ಒಣದ್ರಾಕ್ಷಿ ಹಾಕಿ ಹಂಚಿನ ಮೇಲೆ ಬೇಯಿಸುವ ವೆಲ್ಷ್ ಕೇಕ್ ರುಚಿ, ಆದರೆ ಹಂದಿ ಕೊಬ್ಬು ಹಾಕುವವರೂ ಇದ್ದಾರೆ, ಕೇಳಿ ತಿನ್ನಿ. ನಮ್ಮ ದಾರಿಯ ಬುತ್ತಿ ಕಟಕ ರೊಟ್ಟಿ, ಶೇಂಗಾ ಚಟ್ನಿ. ಮಕ್ಕಳು ಅಲ್ಲಿದ್ದಾರೆ ಅಂತ ಕುಂದಾ ಮಾತ್ರ ಕಟ್ಟಿಕೊಂಡು ಹೋಗಬೇಡಿ, ಇಲ್ಲಿಂದ ಹಾಲಿನ ಪದಾರ್ಥ ಒಯ್ಯೋದಕ್ಕೆ ಅಲ್ಲಿ ಪರವಾನಗಿ ಇಲ್ಲ.