ಕಡಲೆಕಾಯಿ ಅಲರ್ಜಿಯ ಮಗಳೊಂದಿಗೆ ವಾರಾಂತ್ಯ: ರೆಸಾರ್ಟೋ, ಬಾಡಿಗೆ ಮನೆಯೋ, ಹೋಂಸ್ಟೇಯೋ?

ನಮ್ಮ ಏಳು ವರ್ಷದ ಮಗಳಿಗೆ ಕಡಲೆಕಾಯಿಯೂ ಗೋಡಂಬಿಯೂ ಆಗುವುದಿಲ್ಲ. ಪಿಸ್ತಾ ಗೋಡಂಬಿಯ ಹತ್ತಿರದ ಸಂಬಂಧಿಯಾದ್ದರಿಂದ ವೈದ್ಯರು ಅದನ್ನೂ ದೂರವಿಡಲು ಹೇಳಿದ್ದಾರೆ. ಹೀಗಾಗಿ ಎರಡು ದಿನದ ರಜೆಗೆ ಬೆಂಗಳೂರು ಬಿಡುವ ಮುನ್ನ, ಹೋಗುವ ಕಡೆ ಅಡುಗೆ ಮಾಡುವವರು ಯಾರು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಮೊದಲು ಏಳುತ್ತದೆ. ನಗರದ ಹೊರವಲಯದ ರೆಸಾರ್ಟ್, ಮೈಸೂರಿನಲ್ಲಿ ಅಡುಗೆಮನೆಯಿರುವ ಬಾಡಿಗೆ ಮನೆ, ಕೊಡಗಿನ ಹೋಂಸ್ಟೇ ಈ ಮೂರರಲ್ಲೂ ಉಳಿದು ನೋಡಿದ ಮೇಲೆ ನನ್ನ ಮತ ಹೋಂಸ್ಟೇಗೆ. ಅದರಲ್ಲೂ ಮೂರು ನಾಲ್ಕು ಕೋಣೆಗಳಿಗಿಂತ ಹೆಚ್ಚಿಲ್ಲದ, ಮನೆಯ ಯಜಮಾನಿಯೇ ಒಲೆಯ ಮುಂದೆ ನಿಲ್ಲುವಂಥ ಹೋಂಸ್ಟೇಗೆ.

ರೆಸಾರ್ಟಿನಲ್ಲಿ ನಮ್ಮ ಹಣ ವ್ಯರ್ಥವಾದದ್ದು ಬುಫೆಯಿಂದ. ಮುಂಗಡ ಕಟ್ಟುವಾಗಲೇ ಅಲರ್ಜಿಯ ವಿಷಯ ಬರೆದು ತಿಳಿಸಿದ್ದೆವು, ಅವರೂ ಗಮನಿಸಿದ್ದೇವೆ ಎಂದು ಉತ್ತರಿಸಿದ್ದರು. ರಾತ್ರಿಯ ಬಾಣಸಿಗರಿಗೆ ವಿಷಯ ಗೊತ್ತಿತ್ತು; ಬೆಳಗಿನ ಪಾಳಿಯವರಿಗೆ ಯಾರೂ ಹೇಳಿರಲಿಲ್ಲ. ಕುರ್ಮಾವನ್ನು ಗೋಡಂಬಿ ಅರೆದು ಗಟ್ಟಿ ಮಾಡಿದ್ದರು, ಇಡ್ಲಿಯ ಚಟ್ನಿಗೆ ಕಡಲೆಬೀಜ ರುಬ್ಬಿದ್ದರು, ಅವಲಕ್ಕಿ ಒಗ್ಗರಣೆಯ ಮೇಲಂತೂ ಬೀಜ ಕಣ್ಣಿಗೇ ಕಾಣುತ್ತಿತ್ತು. ಕೇಸರಿಬಾತ್ ಬಗ್ಗೆ ವಿಚಾರಿಸಿದಾಗ ಬಡಿಸುವ ಹುಡುಗ ಬಹಳ ವಿನಯದಿಂದ ಚಮಚದ ತುದಿಯಲ್ಲಿ ಗೋಡಂಬಿಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಟ್ಟು, "ಈಗ ಪಾಪುಗೆ ಕೊಡಬಹುದು ಮೇಡಂ" ಎಂದು ತಟ್ಟೆ ಮುಂದೆ ಹಿಡಿದ. ಆ ಗೋಡಂಬಿ ಹುರಿದ ತುಪ್ಪದಲ್ಲೇ ಕೇಸರಿಬಾತ್ ಆಗಿದೆ ಎಂಬುದನ್ನು ಸರತಿಯಲ್ಲಿ ನಿಂತವರ ಮುಂದೆ ವಿವರಿಸುವುದು ಸುಲಭವಲ್ಲ. ಮಗಳು ಅಲ್ಲಿದ್ದಷ್ಟು ಹೊತ್ತೂ ಮೊಸರನ್ನ, ಬಾಳೆಹಣ್ಣಿನಲ್ಲೇ ಕಳೆದಳು. ಅವಳ ಊಟಕ್ಕೆ ಅರ್ಧ ದರ ಕಟ್ಟಿದೆವು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಅಲರ್ಜಿಕಾರಕಗಳ ಮಾಹಿತಿ ಕೊಡಬೇಕೆಂಬ ನಿಯಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಾವಳಿಯಲ್ಲಿದೆಯಾದರೂ ಒಂಟಿ ರೆಸಾರ್ಟಿನ ಬುಫೆಯಲ್ಲಿ ನಮಗೆ ಅದರಿಂದ ಪ್ರಯೋಜನವಾಗಲಿಲ್ಲ. ಈಜುಕೊಳ ಮಾತ್ರ ಚೆನ್ನಾಗಿತ್ತು.

ಸುರಕ್ಷತೆಯೊಂದನ್ನೇ ನೋಡುವುದಾದರೆ ಬಾಡಿಗೆ ಮನೆಗೆ ಎದುರಿಲ್ಲ. ಆದರೆ ಅರಮನೆ ನೋಡಿ ಸುಸ್ತಾಗಿ ಬಂದವಳು ಮತ್ತೆ ಸಾರಿಗೆ ಬೇಳೆ ಇಡುವುದಾದರೆ ಅದನ್ನು ರಜೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅಲ್ಲಿನ ಮಿಕ್ಸಿ ಜಾರನ್ನೂ ನಂಬುವಂತಿಲ್ಲ. ಬ್ಲೇಡಿನ ಬುಡದಲ್ಲಿ ಹಿಂದಿನವರ ಚಟ್ನಿಪುಡಿ ಅಂಟಿಕೊಂಡಿರುತ್ತದೆ. ದಸರಾ ದಿನಗಳಲ್ಲಿ ಬಾಡಿಗೆಯೂ ನಮ್ಮ ಕೈಗೆಟುಕುವುದಿಲ್ಲ.

ಕೊಡಗಿನ ಮನೆಯಡುಗೆ ನಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿದೆ. ಕಡಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ ಎಲ್ಲಕ್ಕೂ ಅಕ್ಕಿಯೇ ಆಧಾರ. ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಹುರಿದ ಮಸಾಲೆ, ಕಾಚಂಪುಳಿ ಎಂಬ ಕಪ್ಪು ಹಣ್ಣಿನ ಹುಳಿ ಬೀಳುತ್ತವೆಯೇ ಹೊರತು ಗೋಡಂಬಿ ಅರೆದು ಹಾಕುವ ಪದ್ಧತಿಯನ್ನು ನಾವು ಉಳಿದ ಮನೆಗಳಲ್ಲಿ ಕಾಣಲಿಲ್ಲ. ಅಡುಗೆಯವರು ಒಬ್ಬರೇ ಆದ್ದರಿಂದ ಒಮ್ಮೆ ಹೇಳಿದರೆ ಸಾಕು, ಪಾಳಿ ಬದಲಾಗುವ ಭಯವಿಲ್ಲ.

ತೊಡಕು ಬಂದದ್ದು ಎಣ್ಣೆಯಲ್ಲಿ. ಫೋನಿನಲ್ಲಿ "ಅಡುಗೆಗೆ ಕಡಲೆಕಾಯಿ ಹಾಕುತ್ತೀರಾ?" ಎಂದು ಕೇಳಿದರೆ ಯಾರಾದರೂ ಪ್ರಾಮಾಣಿಕವಾಗಿಯೇ "ಇಲ್ಲ" ಎನ್ನುತ್ತಾರೆ, ಏಕೆಂದರೆ ಎಣ್ಣೆಯನ್ನು ಯಾರೂ ಕಡಲೆಕಾಯಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾವು ಇಳಿದುಕೊಂಡ ಮನೆಯ ಅಡುಗೆಕಟ್ಟೆಯ ಮೇಲೆ ದೊಡ್ಡ ಸ್ಟೀಲ್ ಕ್ಯಾನ್ ಇತ್ತು. ಏನೆಂದು ಕೇಳಿದರೆ ಆ ಮನೆಯ ಅಕ್ಕ ಹೆಮ್ಮೆಯಿಂದ, "ನಾವು ಪ್ಯಾಕೆಟ್ ಎಣ್ಣೆ ಮುಟ್ಟೋದೇ ಇಲ್ಲ, ಗಾಣದ ಎಣ್ಣೆ ತರಿಸ್ತೀವಿ, ಶುದ್ಧ ಕಡಲೆಕಾಯಿದು" ಎಂದರು. ಕಾರ್ಖಾನೆಯಲ್ಲಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಅಲರ್ಜಿಗೆ ಕಾರಣವಾಗುವ ಪ್ರೋಟೀನು ಬಹುಮಟ್ಟಿಗೆ ಹೊರಟುಹೋಗಿರುತ್ತದೆ. ಗಾಣದಲ್ಲಿ ಅರೆದು ಬರೀ ಸೋಸಿದ ಎಣ್ಣೆಯಲ್ಲಿ ಅದು ಉಳಿದಿರುತ್ತದೆ. ಉಳಿದವರಿಗೆ ಆರೋಗ್ಯಕರವೆಂದು ಹೆಚ್ಚು ದುಡ್ಡು ಕೊಟ್ಟು ತರಿಸುವ ಆ ಘಮಘಮಿಸುವ ಎಣ್ಣೆಯೇ ನಮ್ಮ ಮಗಳಿಗೆ ಅಪಾಯ.

ಬೇರೆ ಎಣ್ಣೆ ತಂದುಕೊಟ್ಟ ಮಾತ್ರಕ್ಕೂ ವಿಷಯ ಮುಗಿಯುವುದಿಲ್ಲ. ಹಿಂದಿನ ದಿನ ಅದೇ ಎಣ್ಣೆಯಲ್ಲಿ ಹುರಿದಿಟ್ಟ ಮಸಾಲೆ ಇರುತ್ತದೆ, ಎಣ್ಣೆ ಕುಡಿದು ಪಳಗಿದ ಕಾವಲಿ ಇರುತ್ತದೆ, ಒಗ್ಗರಣೆ ಸೌಟಿರುತ್ತದೆ, ಉಪ್ಪಿನಕಾಯಿ ಇರುತ್ತದೆ. ಇವನ್ನೆಲ್ಲ ಒಂದೊಂದಾಗಿ ಕೇಳುತ್ತ ಹೋದರೆ ಅತಿಥಿಯಾಗಿ ಬಂದವರು ತನಿಖೆಗೆ ಬಂದಂತೆ ತೋರುತ್ತದೆ. ಅಕ್ಕನ ಮುಖವೂ ಕೊಂಚ ಬಾಡಿತು. ಕೊನೆಗೆ ನಾನು ಮಗಳ ಹಳೆಯ ಫೋಟೋ ಒಂದನ್ನು, ತುಟಿ, ಕಣ್ಣು ಊದಿಕೊಂಡು ಮೈಯೆಲ್ಲ ದದ್ದು ಎದ್ದದ್ದನ್ನು, ಮೊಬೈಲಿನಲ್ಲಿ ತೋರಿಸಿದೆ. ಮರುಮಾತಿಲ್ಲದೆ ಅಟ್ಟದಿಂದ ಬಳಸದಿದ್ದ ಸ್ಟೀಲ್ ಬಾಣಲೆ, ಸೌಟು ಇಳಿಸಿ ತೊಳೆದು, ಮಗಳ ಅಡುಗೆಯನ್ನು ಮೊದಲು ಮುಗಿಸಿದ ನಂತರವೇ ಅವರು ಉಳಿದವರದಕ್ಕೆ ಒಲೆ ಹಚ್ಚಿದರು. ಇಂಥದ್ದನ್ನು ನೂರು ಜನರ ಬುಫೆಯಿಂದ ನಿರೀಕ್ಷಿಸಲಾಗದು.

ಆದ್ದರಿಂದ ಈಗ ನಾನು ಮುಂಗಡ ಕಟ್ಟುವ ಮೊದಲು ಎಣ್ಣೆ ಯಾವುದೆಂದು ಪ್ರತ್ಯೇಕವಾಗಿ ಕೇಳುತ್ತೇನೆ, ಡಬ್ಬಿಯ ಫೋಟೋ ಕಳಿಸಲು ಹೇಳುತ್ತೇನೆ, ಆದರೂ ಸೂರ್ಯಕಾಂತಿ ಎಣ್ಣೆಯ ಒಂದು ಪ್ಯಾಕೆಟ್ಟನ್ನು ಸಣ್ಣ ಬಾಣಲೆಯೊಂದಿಗೆ ಚೀಲದಲ್ಲಿಟ್ಟುಕೊಂಡೇ ಹೊರಡುತ್ತೇನೆ. ತೋಟದ ನಡುವಿನ ಮನೆಗಳ ಪೈಕಿ, ಆಸ್ಪತ್ರೆ ಬೇಕಾದರೆ ಮಡಿಕೇರಿಗೋ ವಿರಾಜಪೇಟೆಗೋ ಅರ್ಧ ಗಂಟೆಯೊಳಗೆ ತಲುಪಬಹುದಾದುದನ್ನಷ್ಟೇ ಆರಿಸುತ್ತೇವೆ. ಅಲರ್ಜಿ ಉಲ್ಬಣಿಸಿದರೆ ಕೊಡಲು ವೈದ್ಯರು ಬರೆದುಕೊಟ್ಟ ಅಡ್ರಿನಾಲಿನ್ ಇಂಜೆಕ್ಷನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಕೆಡುತ್ತದೆಯಾದ್ದರಿಂದ ಅದು ಸದಾ ನನ್ನ ಹೆಗಲ ಚೀಲದಲ್ಲೇ ಇರುತ್ತದೆ.

ಹಬ್ಬದ ತಿಂಡಿಯ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಸಿಹಿ ಅಂಗಡಿಯಲ್ಲಿ ಬಿಡಿಯಾಗಿ ಮಾರುವ ತಿಂಡಿಯ ಟ್ರೇ ಮುಂದೆ, ಯಾವ ದಿನದೊಳಗೆ ತಿನ್ನಬೇಕೆಂದು ಬರೆಯುವುದನ್ನು 2020ರ ಅಕ್ಟೋಬರಿನಿಂದ ಕಡ್ಡಾಯ ಮಾಡಲಾಗಿತ್ತು. ನನಗೆ ಬೇಕಾದ ಮಾಹಿತಿ ಆ ಚೀಟಿಯಲ್ಲಿರುವುದಿಲ್ಲ. ಮೈಸೂರುಪಾಕಿಗೆ ಕಡಲೆಹಿಟ್ಟು, ತುಪ್ಪ, ಸಕ್ಕರೆ ಸಾಕೆಂಬುದು ನಿಜವಾದರೂ ಅದನ್ನು ಕತ್ತರಿಸುವ ಚಾಕು ಅದಕ್ಕೂ ಮೊದಲು ಕಾಜು ಬರ್ಫಿಯ ಮೇಲೆ ಓಡಾಡಿರುತ್ತದೆ. ಪ್ಯಾಕೆಟ್ ಬಿಸ್ಕತ್ತು ಎಷ್ಟೋ ವಾಸಿ, ಅದರ ಮೇಲೆ ಕಡಲೆಕಾಯಿ ಇದೆಯೆಂದೋ ಇರಬಹುದೆಂದೋ ಅಚ್ಚಾಗಿರುತ್ತದೆ; ಆದರೆ ಹಬ್ಬದ ದಿನ ಮಗುವಿನ ಕೈಗೆ ಬಿಸ್ಕತ್ತು ಕೊಡಲು ಮನಸ್ಸೊಪ್ಪುವುದಿಲ್ಲ. ಹಾಗಾಗಿ ದೀಪಾವಳಿಗೆ ಕೊಬ್ಬರಿ ಮಿಠಾಯಿ, ಕೋಡುಬಳೆ ಮನೆಯಲ್ಲೇ. ಸಂಕ್ರಾಂತಿಯ ಎಳ್ಳಿಗೆ ಕಡಲೆಬೀಜ ಬಿಟ್ಟು, ಕೊಬ್ಬರಿ, ಹುರಿಗಡಲೆಗಳನ್ನು ಹೆಚ್ಚಿಸುತ್ತೇನೆ. ಕಡಲೆಕಾಯಿಯಂತೆ ಹುರಿಗಡಲೆಯೂ ದ್ವಿದಳ ಧಾನ್ಯವೇ ಆದ್ದರಿಂದ ವೈದ್ಯರ ಒಪ್ಪಿಗೆ ಪಡೆದೇ ಹಾಕಿದ್ದು. ಬೀರಲು ಹೋದ ಕಡೆ ಬರುವ ಎಳ್ಳಿನ ಪೊಟ್ಟಣಗಳು ನೇರ ಅಜ್ಜಿಯ ಡಬ್ಬಿಗೆ ಸೇರುತ್ತವೆ. ಸಕ್ಕರೆ ಅಚ್ಚುಗಳಲ್ಲಿಯೂ ಎಳ್ಳಿನೊಂದಿಗೆ ಬೆರೆಯದೆ ಬೇರೆ ಕವರಿನಲ್ಲಿ ಬಂದವಷ್ಟೇ ಮಗಳ ಪಾಲು.

ರೆಸಾರ್ಟಿನ ಒಂದು ರಾತ್ರಿಯ ಖರ್ಚಿನಲ್ಲಿ ಹೋಂಸ್ಟೇಯಲ್ಲಿ ಎರಡು ರಾತ್ರಿ ಕಳೆಯಬಹುದು ಎಂಬುದೂ ನನ್ನ ತೀರ್ಮಾನಕ್ಕೆ ಒಂದು ಕಾರಣ. ಅಡುಗೆಮನೆಗೆ ಹೋಗಿ ನಿಂತು ಮಾತಾಡುವುದು ನನಗೆ ಇಷ್ಟ. ಹಾಗೆ ಕೇಳಲು ಸಂಕೋಚಪಡುವವರು ಬಾಡಿಗೆ ಮನೆಗೇ ಹೋಗುವುದು ಮೇಲು. ಅತ್ತೆ ಮಾವ ಜೊತೆಗಿದ್ದಾಗ ನಾವೂ ಅದನ್ನೇ ಆರಿಸುತ್ತೇವೆ, ಏಕೆಂದರೆ ಆಗ ಒಲೆಯ ಮುಂದೆ ನಿಲ್ಲುವವಳು ನಾನೊಬ್ಬಳೇ ಆಗಿರುವುದಿಲ್ಲ.