ಸೊಂಟ ನೋವಿಗೆ ಫಿಸಿಯೋಗೆ ಹೋಗುವವರು ಕಾಲಿನ ಹೆಬ್ಬೆರಳು ನೋಡಿಕೊಳ್ಳಿ

ಹೋದ ವರ್ಷ ಗ್ಯಾಸ್ ಸಿಲಿಂಡರ್ ಎತ್ತಿ ಒಳಗಿಡುವಾಗ ಸೊಂಟದಲ್ಲಿ ಚಳಕ್ ಅಂತು. ತುಂಬಿದ ಸಿಲಿಂಡರ್, ಹತ್ತಿರ ಹತ್ತಿರ 30 ಕೆಜಿ. ಬಗ್ಗಿ ಎತ್ತಿದ್ದು ನನ್ನದೇ ತಪ್ಪು, ಬಿಡಿ. ನಾಲ್ಕು ದಿನವಾದರೂ ಕಡಿಮೆ ಆಗದೆ ಮನೆ ಹತ್ತಿರದ ಫಿಸಿಯೋ ಸೆಂಟರ್‌ಗೆ ಹೋದೆ.

ಹತ್ತು ಸಿಟ್ಟಿಂಗ್‌ಗೆ ಮೊದಲೇ ದುಡ್ಡು ಕಟ್ಟಿಸಿಕೊಂಡರು. ಕಾಲು ಮುಟ್ಟಿಯೂ ನೋಡಲಿಲ್ಲ. ಬಿಸಿ ಪ್ಯಾಕು, ಕರೆಂಟು, ಆಮೇಲೆ ನಿಂತು ಬಗ್ಗಿ ಕಾಲ್ಬೆರಳು ಮುಟ್ಟುವ ವ್ಯಾಯಾಮ. ಮೂರನೇ ದಿನ ನೋವು ಮೊಣಕಾಲು ದಾಟಿ ಕೆಳಗಿಳಿಯಿತು. ಹೇಳಿದೆ. "ನರ ಬಿಡ್ತಾ ಇದೆ ಸರ್, ಒಳ್ಳೇದೇ. ಇನ್ನೂ ಸ್ವಲ್ಪ ಬಗ್ಗಿ" ಅಂದರು. ನಾನೂ ಬಗ್ಗಿದೆ!

ಆರನೇ ದಿನ ಅಲ್ಲಿಂದ ಮೆಟ್ಟಿಲು ಇಳಿದು ಬರುತ್ತಿದ್ದೆ. ಹಿಂದೆ ಬಂದ ಹುಡುಗ "ಅಂಕಲ್, ನಿಮ್ಮ ಚಪ್ಪಲಿ" ಅಂದ. ಬಲಗಾಲಿನ ಚಪ್ಪಲಿ ಮೇಲಿನ ಮೆಟ್ಟಿಲಲ್ಲೇ ಬಿದ್ದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಪಾದ ಮುಟ್ಟಿಕೊಂಡರೆ ಬೇರೆ ಯಾರದೋ ಕಾಲು ಮುಟ್ಟಿದ ಹಾಗಿತ್ತು.

ಮಾರನೇ ದಿನ ಮೂಳೆ ಡಾಕ್ಟರು ಹಿಮ್ಮಡಿ ಮೇಲೆ ನಡೆಯಿರಿ ಅಂದರು. ಬಲಪಾದ ಏಳಲೇ ಇಲ್ಲ, ಟಪ್ ಅಂತ ನೆಲಕ್ಕೆ ಬಡಿಯಿತು. ಎಂಆರ್‌ಐ ಮಾಡಿಸಿದರೆ ಸೊಂಟದ ಕೆಳಗಿನ ಎರಡು ಬೆನ್ನುಮೂಳೆ ಎಲ್4, ಎಲ್5 ನಡುವಿನ ಮೆತ್ತೆಯಂಥ ಡಿಸ್ಕ್ ಹೊರಬಂದು ಎಲ್5 ನರವನ್ನು ಒತ್ತುತ್ತಿತ್ತು. ಪಾದ, ಹೆಬ್ಬೆರಳು ಮೇಲೆತ್ತುವುದು ಆ ನರದ ಕೆಲಸ. ಬಗ್ಗಿದ್ದಕ್ಕೇ ಹೀಗಾಯ್ತಾ ಅಂತ ಕೇಳಿದೆ. "ಡಿಸ್ಕ್ ಮೊದಲೇ ಜಾರಿರಬಹುದು. ನೋವು ಕಾಲಿಗೆ ಇಳಿದ ದಿನವೇ ನಿಲ್ಲಿಸಬೇಕಿತ್ತು" ಅಂದರು.

ಫಿಸಿಯೋನೇ ಬೇಡ ಅಂತಲ್ಲ. ನನ್ನನ್ನು ಮತ್ತೆ ನಡೆಸಿದ್ದೂ ಒಬ್ಬ ಫಿಸಿಯೋನೇ. ಅವರು ಮೊದಲ ದಿನ ಬರೀ ಪರೀಕ್ಷೆ ಮಾಡಿದರು. ಅಂಗಾತ ಮಲಗಿಸಿ ಕಾಲು ನೇರ ಎತ್ತಿದರು, ಹೆಬ್ಬೆರಳನ್ನು ಒತ್ತಿ ಹಿಡಿದು ಮೇಲೆತ್ತಲು ಹೇಳಿದರು, ಹತ್ತಿ ಸವರಿ ಎಲ್ಲಿ ಗೊತ್ತಾಗಲ್ಲ ಅಂತ ಕೇಳಿದರು. ವ್ಯಾಯಾಮ ಶುರುವಾಗಿದ್ದು ಸುಮ್ನೆ ಬೋರಲು ಮಲಗೋದರಿಂದ. ನೋವು ಕಾಲಿನಿಂದ ಸೊಂಟದ ಕಡೆ ಹತ್ತಿದರೆ ಒಳ್ಳೆಯ ಲಕ್ಷಣವಂತೆ, ಸೊಂಟ ಸ್ವಲ್ಪ ಜಾಸ್ತಿ ನೊಂದರೂ ಸರಿ. ಕೆಳಗಿಳಿದರೆ ಆ ವ್ಯಾಯಾಮ ಅಲ್ಲಿಗೇ ಬಿಡಬೇಕು.

ಇಂಥ ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ, ಗೊತ್ತಿಲ್ಲದೆ ಹೋಗಿಬಿಟ್ಟರೆ, ಕೂರುವ ಜಾಗ ಜೋಮು ಹಿಡಿದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಎಮರ್ಜೆನ್ಸಿಗೆ ಹೋಗಿ. ತಡವಾದರೆ ಆಪರೇಷನ್ ಮಾಡಿದರೂ ಪೂರ್ತಿ ಸರಿಹೋಗದೆ ಇರಬಹುದು.

ನನಗೆ ಆಪರೇಷನ್ ಬೇಕಾಗಲಿಲ್ಲ, ನಾಲ್ಕು ತಿಂಗಳು ಹಿಡಿಯಿತು. ಹೆಬ್ಬೆರಳು ಈಗ ಏಳುತ್ತದೆ, ಎಡಗಾಲಿನಷ್ಟು ಗಟ್ಟಿ ಇಲ್ಲ. ಹವಾಯಿ ಚಪ್ಪಲಿ ಮಾತ್ರ ಹಾಕುವುದಿಲ್ಲ, ಹಿಂದೆ ಪಟ್ಟಿ ಇರುವುದೇ ಬೇಕು.